ಕುಕೀ ಸಮ್ಮತಿ ಬ್ಯಾನರ್ ಸರಿಯಾಗಿ ಕೆಲಸ ಮಾಡದಿದ್ದಾಗ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಚಿಕ್ಕಮಗಳೂರಿನ ಕಾಫಿ ತೋಟವೊಂದರ ಹೋಂಸ್ಟೇ ಜಾಲತಾಣವನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಯುರೋಪಿನಿಂದಲೂ ಅತಿಥಿಗಳು ಬರುವುದರಿಂದ ಅದರಲ್ಲಿ ಜರ್ಮನ್ ಭಾಷೆಯ ಪುಟಗಳಿವೆ, ಕೋಣೆಯ ದರವನ್ನು ಯೂರೋದಲ್ಲಿಯೂ ತೋರಿಸುತ್ತೇವೆ. ಒಮ್ಮೆ ಜರ್ಮನಿಯ ಅತಿಥಿಯೊಬ್ಬರು, ತಾವು ಕುಕೀ ಬ್ಯಾನರಿನಲ್ಲಿ (ತಾಣವು ಬ್ರೌಸರಿನಲ್ಲಿ ಬರೆದಿಡುವ ಸಣ್ಣ ಗುರುತಾದ ಕುಕೀಗೆ ಒಪ್ಪಿಗೆ ಕೇಳುವ ಪೆಟ್ಟಿಗೆಯಲ್ಲಿ) ‘ನಿರಾಕರಿಸಿ’ ಒತ್ತಿದ ಮೇಲೂ ತಮ್ಮ ಭೇಟಿಯ ವಿವರ ಜಾಹೀರಾತು ಕಂಪನಿಗೆ ಹೋಗುತ್ತಿದೆ ಎಂದು ಬಹಳ ವಿನಯದಿಂದ ಬರೆದರು. ಪರಿಶೀಲಿಸಿದಾಗ ಅವರ ಮಾತು ನಿಜವಾಗಿತ್ತು. ಬ್ಯಾನರ್ ಚೆನ್ನಾಗಿಯೇ ಕಾಣುತ್ತಿತ್ತು, ಎರಡೂ ಗುಂಡಿಗಳಿದ್ದವು, ಆದರೆ ಆ ಗುಂಡಿಗೂ ಹಿಂದೆ ಓಡುತ್ತಿದ್ದ ಸ್ಕ್ರಿಪ್ಟಿಗೂ (ಪುಟದೊಳಗಿನ ಪುಟ್ಟ ಪ್ರೋಗ್ರಾಮಿಗೂ) ಸಂಬಂಧವೇ ಇರಲಿಲ್ಲ. ಅಂದಿನಿಂದ ಯಾವ ಬ್ಯಾನರನ್ನು ಪರೀಕ್ಷಿಸುವಾಗಲೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಬಂದವರು ಇನ್ನೂ ಏನನ್ನೂ ಒತ್ತಿರದಾಗ ಈ ಪುಟದಿಂದ ಏನೇನು ಹೊರಗೆ ಹೋಗುತ್ತಿದೆ?

ಕಾನೂನು ಕೇಳುವುದೂ ಅದನ್ನೇ. ಯುರೋಪಿಯನ್ ಒಕ್ಕೂಟದ 2002ರ ಇ-ಪ್ರೈವಸಿ ನಿರ್ದೇಶನಕ್ಕೆ 2009ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಬಳಕೆದಾರರ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಏನನ್ನಾದರೂ ಬರೆದಿಡುವ ಅಥವಾ ಅಲ್ಲಿರುವುದನ್ನು ಓದುವ ಮುನ್ನ ಅವರ ಸಮ್ಮತಿ ಪಡೆಯಬೇಕು. ಅವರೇ ಕೇಳಿದ ಸೇವೆಯನ್ನು ಒದಗಿಸಲು ಅತ್ಯಗತ್ಯವಾದ ಕುಕೀಗಳಿಗೆ ಮಾತ್ರ ವಿನಾಯಿತಿ. ಯಾವುದನ್ನು ಸಮ್ಮತಿ ಎನ್ನಬಹುದು ಎಂಬುದನ್ನು 2018ರ ಮೇ 25ರಿಂದ ಅನ್ವಯವಾಗುತ್ತಿರುವ ಜಿಡಿಪಿಆರ್ (ಒಕ್ಕೂಟದ ದತ್ತಾಂಶ ಸಂರಕ್ಷಣಾ ಕಾನೂನು) ಹೇಳುತ್ತದೆ, ಮೊದಲೇ ಟಿಕ್ ಮಾಡಿಟ್ಟ ಚೌಕ ಸಮ್ಮತಿಯಾಗದು ಎಂಬುದನ್ನು 2019ರ ಅಕ್ಟೋಬರ್ 1ರ ಪ್ಲಾನೆಟ್49 ತೀರ್ಪಿನಲ್ಲಿ ಯುರೋಪಿಯನ್ ನ್ಯಾಯಾಲಯ ಸ್ಪಷ್ಟಪಡಿಸಿದೆ. ಒಕ್ಕೂಟದ ಹೊರಗಿದ್ದರೂ ಅಲ್ಲಿನ ಜನರಿಗೆ ಸೇವೆ ನೀಡಲು ಹೊರಟವರಿಗೆ ಜಿಡಿಪಿಆರ್ ಅನ್ವಯಿಸುತ್ತದೆ, ಅಲ್ಲಿನ ಭಾಷೆಯನ್ನೂ ಕರೆನ್ಸಿಯನ್ನೂ ಬಳಸುವುದು ಆ ಉದ್ದೇಶದ ಸೂಚನೆಯಾಗುತ್ತದೆ. ಹೀಗಾಗಿ ಚಿಕ್ಕಮಗಳೂರಿನ ಹೋಂಸ್ಟೇ ಕೂಡ ಅದರಿಂದ ದೂರವಿಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಕುಕೀ ಎಂಬ ಪದವೇ ಇಲ್ಲವಾದರೂ, ವ್ಯಕ್ತಿಯನ್ನು ಗುರುತಿಸಬಲ್ಲ ದತ್ತಾಂಶ ಕುಕೀಯ ಮೂಲಕ ಸಂಗ್ರಹವಾದರೆ ಅದಕ್ಕೂ ಈ ಕಾಯ್ದೆ ಅನ್ವಯಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ. ಸಮ್ಮತಿಗೆ ಸಂಬಂಧಿಸಿದ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರಬೇಕಿದೆ. ದೋಷ ಸರಿಪಡಿಸಿಕೊಳ್ಳಲು ಸಣ್ಣ ತಾಣಗಳಿಗೆ ಇದು ಸಾಕಷ್ಟು ಕಾಲಾವಕಾಶ.

ಕೈ ಹಚ್ಚುವ ಮುನ್ನ

ಪರೀಕ್ಷೆಯನ್ನು ಯಾವಾಗಲೂ ಬ್ರೌಸರಿನ ಖಾಸಗಿ ವಿಂಡೋದಲ್ಲಿ ಮಾಡಿ. ನಿಮ್ಮ ದಿನನಿತ್ಯದ ಬ್ರೌಸರಿನ ಕುಕೀಗಳನ್ನೆಲ್ಲ ಅಳಿಸಿ ಪರೀಕ್ಷಿಸಲು ಹೊರಟರೆ ಬ್ಯಾಂಕು, ಮೇಲ್, ಜಾಲತಾಣದ ನಿರ್ವಹಣಾ ಪುಟ ಎಲ್ಲದರಿಂದಲೂ ಒಮ್ಮೆಗೇ ಹೊರಬೀಳುತ್ತೀರಿ, ಅರ್ಧ ತುಂಬಿದ ಫಾರ್ಮ್‌ಗಳೂ ಹೋಗುತ್ತವೆ. ಥೀಮ್ ಫೈಲುಗಳನ್ನು (ತಾಣದ ವಿನ್ಯಾಸದ ಫೈಲುಗಳನ್ನು) ಮುಟ್ಟುವ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಯಾರೋ ಹೇಳಿದರೆಂದು ಗೊತ್ತಿಲ್ಲದ ಕೋಡನ್ನು ಬ್ರೌಸರಿನ ಕನ್ಸೋಲಿಗೆ (ಕೋಡ್ ಬರೆದು ಓಡಿಸುವ ಜಾಗಕ್ಕೆ) ಅಂಟಿಸಬೇಡಿ. ನೆಟ್‌ವರ್ಕ್ ದಾಖಲೆಯ ಫೈಲನ್ನು (ಪುಟದಿಂದ ಹೋದ ಬಂದ ಕೋರಿಕೆಗಳ ದಾಖಲೆಯನ್ನು) ಸಹಾಯ ಕೇಳುವ ನೆಪದಲ್ಲಿ ಎಲ್ಲರಿಗೂ ಕಾಣುವಂತೆ ಹಂಚಬೇಡಿ. ನಿಮ್ಮ ಲಾಗಿನ್ ಕುಕೀ ಅದರೊಳಗೇ ಇರಬಹುದು, ಅದು ಸಿಕ್ಕವರಿಗೆ ನಿಮ್ಮ ಪಾಸ್‌ವರ್ಡ್ ಬೇಕಾಗುವುದಿಲ್ಲ.

ಲಕ್ಷಣ: ಪುಟ ಮಂಕಾಗಿದೆ, ಸ್ಕ್ರಾಲ್ ಆಗುತ್ತಿಲ್ಲ, ಬ್ಯಾನರ್ ಕಾಣುತ್ತಿಲ್ಲ

ಇದು ಹೆಚ್ಚಾಗಿ ಬಂದವರ ಕಡೆಯ ಕಾರಣದಿಂದ ಆಗುವುದು. ಜಾಹೀರಾತು ತಡೆಯುವ ವಿಸ್ತರಣೆಗಳಲ್ಲಿ ಕುಕೀ ಬ್ಯಾನರುಗಳನ್ನೂ ಅಡಗಿಸುವ ಪಟ್ಟಿ ಇರುತ್ತದೆ. ಅದು ಬ್ಯಾನರನ್ನು ಮರೆಮಾಡುತ್ತದೆ, ಆದರೆ ಬ್ಯಾನರ್ ಪುಟಕ್ಕೆ ಹಾಕಿದ ಸ್ಕ್ರಾಲ್ ತಡೆಯನ್ನು ತೆಗೆಯುವುದಿಲ್ಲ. ವಿಸ್ತರಣೆಯನ್ನು ಆ ಒಂದು ತಾಣಕ್ಕೆ ನಿಲ್ಲಿಸಿ ಮತ್ತೆ ತೆರೆದು ನೋಡಿ. ಸರಿಹೋದರೆ ಕಾರಣ ಸಿಕ್ಕಿತು. ತಾಣದವರು ಮಾಡಬೇಕಾದದ್ದು, ಬ್ಯಾನರಿಗಾಗಿ ಪುಟವನ್ನೇ ಸ್ತಂಭನಗೊಳಿಸುವ ಸೆಟ್ಟಿಂಗನ್ನು ತೆಗೆದುಹಾಕುವುದು. ಬ್ಯಾನರ್ ಕಾಣದಿದ್ದರೆ ಸಮ್ಮತಿ ಸಿಕ್ಕಿಲ್ಲವೆಂದೇ ಲೆಕ್ಕ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕುಕೀ ಬ್ಯಾನರ್ ಪುಟದೊಳಗೆ ಮೂಡುತ್ತದೆ. ವಿಳಾಸದ ಪಟ್ಟಿಯ ಬಳಿ ಬ್ರೌಸರೇ ಎಬ್ಬಿಸುವ ‘ಅನುಮತಿಸಿ’ ಎಂಬ ಪೆಟ್ಟಿಗೆ ನೋಟಿಫಿಕೇಶನ್ ಕಳುಹಿಸಲೋ ನೀವಿರುವ ಸ್ಥಳ ತಿಳಿಯಲೋ ಕೇಳುವ ಅನುಮತಿ. ಕುಕೀ ಒಪ್ಪಲು ಅದನ್ನು ಒತ್ತಿ ಎಂದಾಗಲಿ, ಏನನ್ನಾದರೂ ಡೌನ್‌ಲೋಡ್ ಮಾಡಿ ಎಂದಾಗಲಿ ಹೇಳುವ ಪುಟ ಮೋಸದ್ದು, ಕೂಡಲೇ ಮುಚ್ಚಿ.

ಲಕ್ಷಣ: ಉತ್ತರ ಕೊಟ್ಟ ಮೇಲೂ ಬ್ಯಾನರ್ ಮತ್ತೆ ಮತ್ತೆ ಬರುತ್ತಿದೆ

ನಿಮ್ಮ ಆಯ್ಕೆಯನ್ನು ನೆನಪಿಡುವುದೂ ಒಂದು ಕುಕೀಯೇ. ಅದು ಅಳಿಸಿಹೋದರೆ ಅಥವಾ ತಾಣಕ್ಕೆ ಸಿಗದಿದ್ದರೆ ಬ್ಯಾನರ್ ಮರಳುತ್ತದೆ. ಬ್ರೌಸರ್ ಮುಚ್ಚಿದಾಗ ಎಲ್ಲ ಕುಕೀಗಳೂ ಅಳಿಯುವಂತೆ ನೀವೇ ಹೊಂದಿಸಿದ್ದೀರಾ, ಖಾಸಗಿ ವಿಂಡೋದಲ್ಲಿದ್ದೀರಾ ಎಂಬುದನ್ನು ಮೊದಲು ನೋಡಿ. ಹಾಗಿದ್ದರೆ ತಾಣದ ದೋಷವಿಲ್ಲ.

ಒಂದು ಪುಟದಲ್ಲಿ ಉತ್ತರಿಸಿ ಇನ್ನೊಂದಕ್ಕೆ ಹೋದೊಡನೆ ಬ್ಯಾನರ್ ಬಂದರೆ ವಿಳಾಸ ಪಟ್ಟಿಯನ್ನು ಗಮನಿಸಿ. ಕೆಲವು ಪುಟಗಳ ವಿಳಾಸ ಡಬ್ಲ್ಯುಡಬ್ಲ್ಯುಡಬ್ಲ್ಯು ಎಂದು ಶುರುವಾಗಿ ಇನ್ನು ಕೆಲವು ಅದಿಲ್ಲದೆ ಶುರುವಾಗುತ್ತಿದ್ದರೆ, ಒಂದರಲ್ಲಿ ಬರೆದ ಕುಕೀ ಇನ್ನೊಂದಕ್ಕೆ ಕಾಣುತ್ತಿರಲಿಕ್ಕಿಲ್ಲ. ಎಲ್ಲ ವಿಳಾಸಗಳನ್ನೂ ಒಂದೇ ರೂಪಕ್ಕೆ ತಿರುಗಿಸಿದರೆ ಇದು ಖರ್ಚಿಲ್ಲದೆ ಸರಿಹೋಗುತ್ತದೆ.

ಐಫೋನ್ ಬಳಸುವವರಿಗೆ ಮಾತ್ರ ಸುಮಾರು ವಾರಕ್ಕೊಮ್ಮೆ ಬ್ಯಾನರ್ ಬರುತ್ತಿದೆ ಎಂಬ ದೂರು ಬಂದರೆ ಕಾರಣವನ್ನು ಬಹುತೇಕ ಆಗಲೇ ಹೇಳಿಬಿಡಬಹುದು. ಪುಟದ ಸ್ಕ್ರಿಪ್ಟ್ ಬರೆದ ಕುಕೀಯನ್ನು ಸಫಾರಿ 2019ರಿಂದ 7 ದಿನಗಳಿಗಿಂತ ಹೆಚ್ಚು ಉಳಿಸಿಕೊಳ್ಳುವುದಿಲ್ಲ. ಆಯ್ಕೆಯ ಕುಕೀಯನ್ನು ಸ್ಕ್ರಿಪ್ಟಿನ ಬದಲು ಸರ್ವರೇ ಬರೆಯುವಂತೆ ಮಾಡಿದರೆ ಅದು ಹೆಚ್ಚು ದಿನ ನಿಲ್ಲುತ್ತದೆ. ಇದಕ್ಕೆ ಸರ್ವರ್ ಬಲ್ಲವರ ನೆರವು ಬೇಕು.

ಒಪ್ಪಿದವರಿಗೆ ಒಂದು ವರ್ಷ ಬ್ಯಾನರ್ ಬಾರದೆ, ನಿರಾಕರಿಸಿದವರಿಗೆ ಮಾತ್ರ ಪ್ರತಿದಿನ ಬರುತ್ತಿದ್ದರೆ ಅದು ಬೇರೆಯೇ ಸಂಗತಿ. ಪ್ಲಗಿನ್‌ನಲ್ಲಿ (ಬ್ಯಾನರನ್ನು ನಡೆಸಲು ತಾಣಕ್ಕೆ ಸೇರಿಸಿದ ತಂತ್ರಾಂಶದಲ್ಲಿ) ಒಪ್ಪಿಗೆಗೂ ನಿರಾಕರಣೆಗೂ ಬೇರೆ ಬೇರೆ ಅವಧಿ ನಮೂದಿಸಲು ಜಾಗವಿರುತ್ತದೆ, ಯಾರೋ ಎರಡನೆಯದನ್ನು ಸೊನ್ನೆಯಾಗಿ ಬಿಟ್ಟಿರುತ್ತಾರೆ. ಎರಡಕ್ಕೂ ಒಂದೇ ಅವಧಿ ಕೊಡಿ. ಎರಡೂ ಉತ್ತರಗಳನ್ನು 6 ತಿಂಗಳು ನೆನಪಿಡುವುದು ಒಳ್ಳೆಯ ಪದ್ಧತಿ ಎಂದು ಫ್ರಾನ್ಸಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರವಾದ ಸಿಎನ್‌ಐಎಲ್ ಹೇಳಿದೆ. ಭಾರತದಲ್ಲಿಯೂ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಹೆಸರಿಸಿರುವ 13 ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ (ದಾರಿ ತಪ್ಪಿಸುವ ವಿನ್ಯಾಸಗಳಲ್ಲಿ) ಬಳಕೆದಾರರನ್ನು ಪದೇ ಪದೇ ಕೇಳಿ ಕಾಡಿಸುವುದೂ ಒಂದು.

ಲಕ್ಷಣ: ‘ನಿರಾಕರಿಸಿ’ ಗುಂಡಿ ಕಾಣುತ್ತಿಲ್ಲ, ಅಥವಾ ಹುಡುಕಬೇಕಾಗಿದೆ

‘ಒಪ್ಪುತ್ತೇನೆ’ ಮೊದಲ ಪರದೆಯಲ್ಲಿ ದೊಡ್ಡದಾಗಿದ್ದು, ನಿರಾಕರಣೆ ‘ಸೆಟ್ಟಿಂಗ್ಸ್’ ಒಳಗೆ ಎರಡು ಮೂರು ಒತ್ತುಗಳಾಚೆ ಇದ್ದರೆ ಬ್ಯಾನರ್ ಕೆಟ್ಟಿದೆಯೆಂದೇ ತಿಳಿಯಿರಿ. 2022ರ ಜನವರಿಯಲ್ಲಿ ಸಿಎನ್‌ಐಎಲ್ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಪ್ರಕಟಿಸಿದ್ದು ಇದೇ ಕಾರಣಕ್ಕೆ: ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಆಗುತ್ತಿರಲಿಲ್ಲ.

ಉದ್ದೇಶ ಒಳ್ಳೆಯದಿದ್ದರೂ ಕನ್ನಡ ತಾಣಗಳಲ್ಲಿ ಈ ದೋಷ ಬರುವ ಒಂದು ದಾರಿಯಿದೆ. ಬ್ಯಾನರಿನ ಸಿದ್ಧ ವಿನ್ಯಾಸಗಳೆಲ್ಲ ಗಿಡ್ಡ ಇಂಗ್ಲಿಷ್ ಪದಗಳಿಗೆಂದು ಅಳತೆ ಮಾಡಿದವು. ಅಲ್ಲಿ ‘ಎಲ್ಲವನ್ನೂ ನಿರಾಕರಿಸಿ’ ಎಂದು ಬರೆದೊಡನೆ ಸಣ್ಣ ಫೋನಿನಲ್ಲಿ ಆ ಗುಂಡಿ ಸಾಲಿನಲ್ಲಿ ಹಿಡಿಸದೆ ಕೆಳಕ್ಕೆ ಜಾರಿ, ಪೆಟ್ಟಿಗೆಯ ಅಂಚಿನ ಮರೆಗೆ ಹೋಗುತ್ತದೆ. ಸಾಲಿನ ಎತ್ತರ ಕಡಿಮೆಯಿದ್ದರೆ ‘ಒಪ್ಪುತ್ತೇನೆ’ಯ ಒತ್ತಕ್ಷರಗಳ ಬುಡವೇ ಕತ್ತರಿಸಿಹೋಗುತ್ತದೆ. ಹೋಂಸ್ಟೇ ತಾಣದಲ್ಲಿ ಇದನ್ನು ನಾನು ಕಂಡದ್ದು ತೋಟದ ರೈಟರ್ ತಮ್ಮ ಹಳೆಯ ಫೋನನ್ನು ನನ್ನ ಕೈಗೆ ಕೊಟ್ಟಾಗ; ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ನೆಟ್ಟಗಿತ್ತು. ಗುಂಡಿಗಳನ್ನು ಅಕ್ಕಪಕ್ಕದ ಬದಲು ಒಂದರ ಕೆಳಗೊಂದು ಸಮ ಅಗಲದಲ್ಲಿ ಇಟ್ಟು, ಸಾಲಿನ ಎತ್ತರ ಹೆಚ್ಚಿಸಿ, ನಿಮಗೆ ಸಿಗುವ ಅತಿ ಸಣ್ಣ ಫೋನಿನಲ್ಲಿ ನೋಡಿ. ಭಾರತದ ಹೊಸ ಕಾಯ್ದೆ ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕೆನ್ನುತ್ತದೆ. ಓದಲು ಬಾರದಂತೆ ಕತ್ತರಿಸಿದ ಕನ್ನಡದಿಂದ ಆ ಹಕ್ಕು ದಕ್ಕುವುದಿಲ್ಲ.

ಲಕ್ಷಣ: ನಿರಾಕರಿಸಿದರೂ ಮಾಹಿತಿ ಹೋಗುತ್ತಿದೆ

ಎಲ್ಲಕ್ಕಿಂತ ಗಂಭೀರ ದೋಷ ಇದು. ಓದುಗರು ಗಮನಿಸುವುದು ಸಾಮಾನ್ಯವಾಗಿ ಹೀಗೆ: ಬೇಡವೆಂದು ಒತ್ತಿದ ತಾಣದ ಜಾಹೀರಾತೇ ಸಂಜೆ ಬೇರೆ ಆ್ಯಪ್‌ನಲ್ಲಿ ಎದುರಾಗುತ್ತದೆ. ಅದೊಂದರಿಂದಲೇ ದೋಷ ಸಾಬೀತಾಗದು, ಆದರೆ ಪರೀಕ್ಷೆಗೆ ಅಷ್ಟು ಸಾಕು.

ಕಂಪ್ಯೂಟರಿನಲ್ಲಿ ಖಾಸಗಿ ವಿಂಡೋ ತೆರೆದು, ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿನಲ್ಲಿ ದಾಖಲೆ ಉಳಿಸುವ ಚೌಕಕ್ಕೆ ಟಿಕ್ ಹಾಕಿ, ಆಮೇಲೆ ತಾಣದ ವಿಳಾಸ ಕೊಡಿ. ಬ್ಯಾನರ್ ಬಂದ ಮೇಲೆ ಏನನ್ನೂ ಒತ್ತದೆ ಅರ್ಧ ನಿಮಿಷ ಕಾಯಿರಿ. ಈಗ ಕ್ರೋಮ್‌ನಲ್ಲಾದರೆ ಅಪ್ಲಿಕೇಶನ್ ಟ್ಯಾಬಿನ ಕುಕೀ ಪಟ್ಟಿ ನೋಡಿ. ಅಂಡರ್‌ಸ್ಕೋರ್ ಜಿಎ (_ga) ಎಂಬುದು ಭೇಟಿಗಳನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ಕುಕೀ, ಅಂಡರ್‌ಸ್ಕೋರ್ ಎಫ್‌ಬಿಪಿ (_fbp) ಎಂಬುದು ಫೇಸ್‌ಬುಕ್ ಕಂಪನಿಯ ಜಾಹೀರಾತು ಟ್ರ್ಯಾಕಿಂಗ್ ಕೋಡಾದ ಮೆಟಾ ಪಿಕ್ಸೆಲ್‌ನ ಕುಕೀ; ಈ ಹಂತದಲ್ಲಿ ಎರಡೂ ಇರಬಾರದು. ಲಾಗಿನ್, ಬುಕಿಂಗ್, ಆಯ್ಕೆಯ ನೆನಪು ಇಂಥ ಅಗತ್ಯದ ಕುಕೀಗಳಿದ್ದರೆ ಅಡ್ಡಿಯಿಲ್ಲ. ನಂತರ ‘ನಿರಾಕರಿಸಿ’ ಒತ್ತಿ, ಎರಡು ಮೂರು ಪುಟ ಸುತ್ತಾಡಿ, ಮತ್ತೆ ಪಟ್ಟಿ ನೋಡಿ. ವಿಡಿಯೊ ಇರುವ ಪುಟಕ್ಕೂ ನಕ್ಷೆ ಇರುವ ಪುಟಕ್ಕೂ ತಪ್ಪದೆ ಹೋಗಿ.

ಒತ್ತುವ ಮೊದಲೇ ಕುಕೀ ಬಿದ್ದಿದ್ದರೆ, ಟ್ರ್ಯಾಕಿಂಗ್ ಕೋಡನ್ನು ಯಾರೋ ನೇರವಾಗಿ ಥೀಮ್‌ನ ಹೆಡರ್ ಫೈಲಿಗೆ ಅಂಟಿಸಿರುವ ಸಾಧ್ಯತೆ ಹೆಚ್ಚು. ಹೋಂಸ್ಟೇ ತಾಣದಲ್ಲಿ ಆಗಿದ್ದೂ ಇದೇ. ಆ ಪಿಕ್ಸೆಲ್ ಕೋಡು ಟ್ಯಾಗ್ ಮ್ಯಾನೇಜರಿನೊಳಗೂ (ಟ್ಯಾಗ್ ಎನ್ನುವ ಟ್ರ್ಯಾಕಿಂಗ್ ಕೋಡುಗಳನ್ನು ಒಂದೆಡೆ ಇಟ್ಟು ನಡೆಸುವ ಸಾಧನದೊಳಗೂ) ಇತ್ತು, ಹಿಂದೆ ಕೆಲಸ ಮಾಡಿದವರು ಹೆಡರಿಗೂ ಹಾಕಿದ್ದರು. ಬ್ಯಾನರಿನ ಮಾತು ಕೇಳುತ್ತಿದ್ದುದು ಮೊದಲನೆಯದು ಮಾತ್ರ. ‘ಒಪ್ಪುತ್ತೇನೆ’ ಒತ್ತಿ ನೋಡಿದಾಗ ಪ್ರತಿ ಪುಟಕ್ಕೂ ಒಂದೇ ವಿಳಾಸಕ್ಕೆ ಎರಡೆರಡು ಕೋರಿಕೆ ಹೋಗುತ್ತಿದ್ದವು, ‘ನಿರಾಕರಿಸಿ’ ಒತ್ತಿದಾಗ ಒಂದು ಹೋಗುತ್ತಿತ್ತು. ಆ ಒಂದನ್ನು ಕಂಡಾಗ ನನಗೆ ನಿಜವಾಗಿಯೂ ನಾಚಿಕೆಯಾಯಿತು, ಏಕೆಂದರೆ ಬೇಡವೆಂದು ಹೇಳಿದ ಪ್ರತಿಯೊಬ್ಬ ಅತಿಥಿಗೂ ತಿಂಗಳುಗಟ್ಟಲೆ ನಾವು ಸುಳ್ಳು ಹೇಳಿದಂತಾಗಿತ್ತು. ಹೆಡರಿನ ಪ್ರತಿ ತೆಗೆದು, ಬ್ಯಾಕಪ್ ಇಟ್ಟು, ಆ ಸಾಲುಗಳನ್ನು ಅಳಿಸಿದೆ. ಹತ್ತು ನಿಮಿಷದ ಕೆಲಸ.

ಮೊದಲ ಪುಟದಲ್ಲಿ ಮಾತ್ರ ಸೋರಿಕೆಯಿದ್ದು ಮುಂದಿನ ಪುಟಗಳಲ್ಲಿ ನಿಂತರೆ, ಅದು ಲೋಡ್ ಆಗುವ ಸರದಿಯ ದೋಷ: ಬ್ಯಾನರಿನ ಸ್ಕ್ರಿಪ್ಟ್ ಬರುವಷ್ಟರಲ್ಲಿ ಟ್ಯಾಗ್ ಓಡಿಬಿಟ್ಟಿರುತ್ತದೆ. ಪುಟದ ವೇಗ ಹೆಚ್ಚಿಸುವ ಪ್ಲಗಿನ್‌ಗಳು ಸ್ಕ್ರಿಪ್ಟುಗಳನ್ನು ತಡವಾಗಿ ಲೋಡ್ ಮಾಡುವಾಗ ಬ್ಯಾನರಿನದನ್ನೂ ಹಿಂದಕ್ಕೆ ತಳ್ಳುವುದರಿಂದ ಇದು ಬಹಳ ಸಾಮಾನ್ಯ. ಬ್ಯಾನರನ್ನು ಆ ಪಟ್ಟಿಯಿಂದ ಹೊರಗಿಡಿ, ಉತ್ತರ ಸಿಗುವವರೆಗೆ ಎಲ್ಲವೂ ನಿರಾಕೃತ ಎಂಬ ಆರಂಭಿಕ ಸ್ಥಿತಿಯನ್ನು ಟ್ಯಾಗ್‌ಗಿಂತ ಮೇಲಿನ ಸಾಲಿನಲ್ಲಿ ಬರೆಯಿರಿ. ಟ್ಯಾಗ್ ಮ್ಯಾನೇಜರನ್ನೇ ಸಮ್ಮತಿಯ ನಂತರ ಲೋಡ್ ಮಾಡುವುದು ಇನ್ನೂ ಸುರಕ್ಷಿತ; ಗೂಗಲ್ ಟ್ಯಾಗ್ ಮ್ಯಾನೇಜರ್ ಬಳಸಲೂ ಸಮ್ಮತಿ ಬೇಕೆಂದು ಜರ್ಮನಿಯ ಹ್ಯಾನೋವರ್ ಆಡಳಿತ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಹೇಳಿದೆ.

ವಿಡಿಯೊ, ನಕ್ಷೆಗಳಿರುವ ಪುಟಗಳಲ್ಲಿ ಮಾತ್ರ ಕುಕೀ ಬಿದ್ದರೆ ಅವುಗಳ ಜಾಗದಲ್ಲಿ ಮೊದಲು ಒಂದು ಚಿತ್ರವನ್ನಿಟ್ಟು, ಒತ್ತಿದ ಮೇಲೆ ಲೋಡ್ ಆಗುವಂತೆ ಮಾಡಿ. 

ಕುಕೀ ಒಂದೂ ಇಲ್ಲ, ಆದರೆ ಗೂಗಲ್‌ಗೆ ಕೋರಿಕೆ ಹೋಗುತ್ತಿದೆ ಎಂದಾದರೆ ಆ ಕೋರಿಕೆಯ ವಿಳಾಸದಲ್ಲಿ ಜಿಸಿಎಸ್ (gcs) ಎಂಬ ಭಾಗವನ್ನು ಹುಡುಕಿ. ಜಿ111 ಎಂದಿದ್ದರೆ ಜಾಹೀರಾತು, ಅನಲಿಟಿಕ್ಸ್ ಎರಡಕ್ಕೂ ಸಮ್ಮತಿ ಇದೆಯೆಂದು ನಿಮ್ಮ ತಾಣ ಹೇಳುತ್ತಿದೆ. ನಿರಾಕರಿಸಿದ ಮೇಲೂ ಹೀಗಿದ್ದರೆ ಬ್ಯಾನರಿನ ಉತ್ತರ ಟ್ಯಾಗ್‌ಗೆ ತಲುಪಿಯೇ ಇಲ್ಲ. ಜಿ100 ಎಂದಿದ್ದರೆ ಎರಡೂ ನಿರಾಕೃತವೆಂಬ ಸೂಚನೆ ತಲುಪಿದೆ, ಕುಕೀ ಇಲ್ಲದ ಸಂಕೇತ ಮಾತ್ರ ಹೋಗುತ್ತಿದೆ. ಅದೂ ಸರಿಯೇ ಎಂಬುದು ತಾಂತ್ರಿಕ ಪ್ರಶ್ನೆಯಲ್ಲ, ವಕೀಲರನ್ನು ಕೇಳಬೇಕಾದದ್ದು. ಕುಕೀ ಇಲ್ಲವೆಂದ ಮಾತ್ರಕ್ಕೆ ಹೊಣೆ ಇಲ್ಲವೆಂದಾಗುವುದಿಲ್ಲ. ಗೂಗಲ್‌ನ ಸರ್ವರಿನಿಂದ ಫಾಂಟ್ ತರಿಸುವಾಗ ಓದುಗರ ಐಪಿ ವಿಳಾಸವನ್ನು ಸಮ್ಮತಿಯಿಲ್ಲದೆ ಕೊಟ್ಟದ್ದಕ್ಕೆ 2022ರ ಜನವರಿಯಲ್ಲಿ ಮ್ಯೂನಿಕ್‌ನ ನ್ಯಾಯಾಲಯವೊಂದು 100 ಯೂರೋ ಪರಿಹಾರ ಕೊಡಿಸಿತ್ತು. ಫಾಂಟುಗಳನ್ನು ನಿಮ್ಮದೇ ಸರ್ವರಿನಲ್ಲಿ ಇಟ್ಟುಕೊಂಡರೆ ಆ ತೊಂದರೆಯಿಲ್ಲ.

ಇಲ್ಲಿಗೆ ಸ್ವಂತ ಪ್ರಯತ್ನ ನಿಲ್ಲಿಸಬೇಕಾದ ಎರಡು ಸಂದರ್ಭಗಳಿವೆ. ದತ್ತಾಂಶ ನಿಮ್ಮ ಸರ್ವರಿನಿಂದಲೇ ಜಾಹೀರಾತು ಕಂಪನಿಗೆ ಹೋಗುವ ವ್ಯವಸ್ಥೆಯಿದ್ದರೆ ಬ್ರೌಸರಿನಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಸೋರಿಕೆ ಪಾವತಿ ಪುಟದಲ್ಲಿದ್ದರೆ ಕೈ ತಪ್ಪಿದಲ್ಲಿ ಬುಕಿಂಗ್ ನಿಂತುಹೋಗುತ್ತದೆ. ಎರಡರಲ್ಲೂ ತಾಣ ಕಟ್ಟಿದವರನ್ನೇ ಕರೆಯಿರಿ.

ಲಕ್ಷಣ: ಒಮ್ಮೆ ಒಪ್ಪಿದ ಮೇಲೆ ಹಿಂದೆ ಪಡೆಯಲು ಆಗುತ್ತಿಲ್ಲ

ಪುಟದ ಅಡಿಯಲ್ಲಿ ‘ಕುಕೀ ಆಯ್ಕೆಗಳು’ ಎಂಬ ಕೊಂಡಿ ಇದೆಯೇ, ಒತ್ತಿದರೆ ತೆರೆಯುತ್ತದೆಯೇ, ತೆರೆದದ್ದು ನಿಲ್ಲುತ್ತದೆಯೇ ಎಂದು ನೋಡಿ. ಕ್ಯಾಲಿಫೋರ್ನಿಯಾದ ಗೋಪ್ಯತಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಟಾಡ್ ಸ್ನೈಡರ್ ಎಂಬ ಉಡುಪಿನ ಕಂಪನಿಗೆ 3,45,178 ಡಾಲರ್ ದಂಡ ಹಾಕಿತು. ಆರೋಪಗಳಲ್ಲಿ ಮುಖ್ಯವಾದದ್ದು, ಅವರ ತಾಣದಲ್ಲಿ ಬೇಡವೆನ್ನುವ ವ್ಯವಸ್ಥೆ 40 ದಿನ ಕೆಲಸ ಮಾಡಿರಲಿಲ್ಲ, ಪೆಟ್ಟಿಗೆ ತೆರೆದೊಡನೆ ಮಾಯವಾಗುತ್ತಿತ್ತು ಎಂಬುದು. ಬ್ಯಾನರನ್ನು ಹೊರಗಿನವರು ನಿರ್ವಹಿಸುತ್ತಿದ್ದರೆಂಬುದನ್ನು ಪ್ರಾಧಿಕಾರ ನೆಪವೆಂದು ಒಪ್ಪಲಿಲ್ಲ. ಪ್ಲಗಿನ್ ಅಪ್‌ಡೇಟ್ ಆದಾಗಲೆಲ್ಲ ಈ ಕೊಂಡಿಯನ್ನು ಒತ್ತಿ ನೋಡುವುದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಸಮ್ಮತಿ ಹಿಂದೆ ಪಡೆದ ಮೇಲೆ ಹಳೆಯ ಕುಕೀಗಳು ಅಳಿದವೇ, ಕೋರಿಕೆಗಳು ನಿಂತವೇ ಎಂಬುದನ್ನೂ ಮೇಲೆ ಹೇಳಿದಂತೆ ಪರೀಕ್ಷಿಸಿ. ಜಿಡಿಪಿಆರ್ ಪ್ರಕಾರ ಹಿಂದೆ ಪಡೆಯುವುದು ಕೊಡುವಷ್ಟೇ ಸುಲಭವಾಗಿರಬೇಕು. ಭಾರತದ ಕಾಯ್ದೆಯ 6ನೆಯ ಸೆಕ್ಷನ್ನೂ ಅದನ್ನೇ ಹೇಳುತ್ತದೆ.

ಲಕ್ಷಣ: ಬ್ಯಾನರ್ ಸರಿಪಡಿಸಿದ ಮೇಲೆ ಓದುಗರ ಲೆಕ್ಕ ಕುಸಿದಿದೆ

ದೋಷವಲ್ಲ. ಬೇಡವೆಂದವರನ್ನು ಈಗ ಎಣಿಸುತ್ತಿಲ್ಲ, ಅಷ್ಟೆ. ಸರ್ವರಿನ ಲಾಗ್ ಜೊತೆ ಹೋಲಿಸಿದರೆ ಭೇಟಿಗಳು ಹಾಗೆಯೇ ಇರುವುದು ಕಾಣುತ್ತದೆ. ಲೆಕ್ಕ ಮರಳಲೆಂದು ನಿರಾಕರಣೆಯ ಗುಂಡಿಗೆ ಮಂಕು ಬಣ್ಣ ಕೊಡಲು ಯಜಮಾನರು ಕೇಳಬಹುದು, ದಯವಿಟ್ಟು ಒಪ್ಪಬೇಡಿ.

ಲಕ್ಷಣ: ದೂರಿನ ಪತ್ರ ಬಂದಿದೆ

ಪತ್ರ ನಿಜವೇ ಎಂದು ಮೊದಲು ನೋಡಿ. ಪ್ರಾಧಿಕಾರದ ಹೆಸರಿನಲ್ಲಿ ಬರುವ ನಕಲಿ ಮೇಲ್‌ಗಳ ಲಗತ್ತನ್ನು ತೆರೆಯದೆ, ಆ ಪ್ರಾಧಿಕಾರದ ಜಾಲತಾಣವನ್ನು ನೀವೇ ಹುಡುಕಿ ಅಲ್ಲಿನ ವಿಳಾಸದಲ್ಲಿ ವಿಚಾರಿಸಿ. ಗಾಬರಿಯಲ್ಲಿ ಸಮ್ಮತಿಯ ದಾಖಲೆಗಳನ್ನಾಗಲಿ ಲಾಗ್‌ಗಳನ್ನಾಗಲಿ ಅಳಿಸಬೇಡಿ. ಸದ್ಯದ ಸ್ಥಿತಿಯ ಸ್ಕ್ರೀನ್‌ಶಾಟ್, ಪ್ಲಗಿನ್ ಆವೃತ್ತಿ, ದಿನಾಂಕ ಬರೆದಿಟ್ಟುಕೊಂಡು ಆಮೇಲೆ ದೋಷ ಸರಿಪಡಿಸಿ.

ಬರೆದವರು ಓದುಗರಾಗಿದ್ದರೆ ನೇರವಾಗಿ, ಸತ್ಯವಾಗಿ ಉತ್ತರಿಸಿ. ತಮ್ಮ ದತ್ತಾಂಶದ ಬಗ್ಗೆ ಕೇಳಿದವರಿಗೆ ಉತ್ತರಿಸಲು ಜಿಡಿಪಿಆರ್ ಕೊಡುವ ಸಾಮಾನ್ಯ ಅವಧಿ ಒಂದು ತಿಂಗಳು. ಸಂಘಟನೆಗಳಿಂದಲೂ ಪತ್ರ ಬರಬಹುದು. ಗೋಪ್ಯತೆಯ ಹಕ್ಕಿಗಾಗಿ ಹೋರಾಡುವ ಮ್ಯಾಕ್ಸ್ ಶ್ರೆಮ್ಸ್ ಅವರ ವಿಯೆನ್ನಾದ ನೋಯ್ಬ್ ಸಂಸ್ಥೆ 2021ರ ಮೇ 31ರಂದು ಕುಕೀ ಬ್ಯಾನರುಗಳ ಬಗ್ಗೆ 500ಕ್ಕೂ ಹೆಚ್ಚು ಕಂಪನಿಗಳಿಗೆ ಕರಡು ದೂರು ಕಳುಹಿಸಿ ಸರಿಪಡಿಸಲು ಒಂದು ತಿಂಗಳು ಕೊಟ್ಟಿತ್ತು, ಆಗಸ್ಟ್ 10ರಂದು 422 ದೂರುಗಳನ್ನು ಪ್ರಾಧಿಕಾರಗಳಿಗೆ ಸಲ್ಲಿಸಿತು. ಪತ್ರ ಪ್ರಾಧಿಕಾರದಿಂದಲೇ ಬಂದಿದ್ದರೆ ಸ್ವಂತ ಉತ್ತರ ಬರೆಯದೆ ವಕೀಲರಲ್ಲಿಗೆ ಹೋಗಿ. ಜಿಡಿಪಿಆರ್ ಅಡಿಯ ಗರಿಷ್ಠ ದಂಡ 2 ಕೋಟಿ ಯೂರೋ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ. 4, ಇವುಗಳಲ್ಲಿ ಯಾವುದು ಹೆಚ್ಚೋ ಅದು.

ದೂರು ಕೊಡುವ ಕಡೆ ನೀವಿದ್ದರೆ, ಭಾರತದ ಕಾಯ್ದೆ ಪೂರ್ಣ ಜಾರಿಗೆ ಬಂದ ಮೇಲೆ ಮೊದಲು ಆ ಸಂಸ್ಥೆಯ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು, ಅಲ್ಲಿ ಪರಿಹಾರ ಸಿಗದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗಬಹುದು. ಸುಳ್ಳು ದೂರಿಗೆ 10,000 ರೂಪಾಯಿಯವರೆಗೆ ದಂಡವಿರುವುದರಿಂದ ಮೇಲಿನ ಪರೀಕ್ಷೆಯನ್ನು ನೀವೇ ಮಾಡಿ, ಒತ್ತುವ ಮೊದಲಿನದು ಮತ್ತು ನಿರಾಕರಿಸಿದ ನಂತರದ್ದು ಎರಡು ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕ, ಸಮಯ ಕಾಣುವಂತೆ ತೆಗೆದು ಪತ್ರಕ್ಕೆ ಲಗತ್ತಿಸಿ. ಜರ್ಮನಿಯ ಆ ಅತಿಥಿ ನಮಗೆ ಕಳುಹಿಸಿದ್ದೂ ಅಂಥ ಎರಡು ಚಿತ್ರಗಳನ್ನೇ; ಅವು ಇದ್ದುದರಿಂದ ದೋಷ ಎಲ್ಲಿದೆಯೆಂದು ಅಂದೇ ತಿಳಿಯಿತು.